ತೂಕ ಅಷ್ಟೇ, ಮೈ ಬೇರೆ

ಪಕ್ಕದ ಮನೆಯ ನಾಗಮ್ಮನಿಗೂ ನನಗೂ ಜಗಳವಾಗಿಲ್ಲ. ಅವಳ ಮನೆಯ ನೆಲದ ಮೇಲಿಂದ ನನಗೆ ಏಳಲಾಗಲಿಲ್ಲ, ಅಷ್ಟೇ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರು ಏನೇನೋ ಹೇಳುತ್ತಾರೆ. ಹೇಳಲಿ. ಹೋದ ವರ್ಷ ಶಾವಿಗೆ ಹೊಸೆಯಲು ಕರೆದಿದ್ದಳು, ಹೋಗಿ ಚಾಪೆಯ ಮೇಲೆ ಕುಳಿತೆ. ಕೆಲಸ ಮುಗಿದು ಉಳಿದವರು ಎದ್ದುಹೋದರು. ನಾನು ಖಾಲಿ ಕಪ್ಪು ಹಿಡಿದುಕೊಂಡು ಇನ್ನೂ ಚಹಾ ಕುಡಿಯುತ್ತಿದ್ದೆ. ನಾಗಮ್ಮ ಒಳಗೆ ಹೋದಾಗ ಮಂಚದ ಕಾಲು ಹಿಡಿದು, ಈಗಷ್ಟೇ ಹುಟ್ಟಿದ ಕರುವಿನ ಹಾಗೆ ಎದ್ದೆ. ಆಮೇಲೆ ಅವಳು ಮೂರು ಸಲ ಕರೆದಳು. ಮೂರು ಸಲವೂ ಕೆಲಸವಿದೆ ಎಂದೆ. ನಾಲ್ಕನೇ ಸಲ ಕರೆಯಲಿಲ್ಲ. ಈಗ ಅವಳ ಮನೆಯಲ್ಲಿ ಸೇರುವವರ ನಗು ಗೋಡೆಯಾಚೆ ಕೇಳುತ್ತದೆ. ನಾನು ಈಚೆ ಕುರ್ಚಿಯಲ್ಲಿ ಕೂತು, ಯಾವ ಮಾತಿಗೆ ನಕ್ಕರೆಂದು ಊಹಿಸುತ್ತೇನೆ.

ಮೈಯ ಬಗ್ಗೆ ನನಗೆ ಜಂಬವಿತ್ತು. ಎಷ್ಟೋ ವರ್ಷದಿಂದ ತೂಕ ಹೆಚ್ಚಿಲ್ಲ, ಇಳಿದಿಲ್ಲ. ಒಬ್ಬಳಿಗಾಗಿ ಯಾಕೆ ಒಲೆ ಹಚ್ಚುವುದೆಂದು ಚಹಾ, ಬಿಸ್ಕೀಟಿನಲ್ಲೇ ಹೊತ್ತು ಕಳೆದರೂ ತೂಕದ ಕಾಟಾ ಅದೇ ಅಂಕಿ ತೋರಿಸುತ್ತಿತ್ತು. ಮೊನ್ನೆ ಓಣಿಗೆ ತಪಾಸಣೆಗೆಂದು ಬಂದ ಹುಡುಗಿ ನನ್ನನ್ನು ಬರಿಗಾಲಲ್ಲಿ ಒಂದು ಯಂತ್ರದ ಮೇಲೆ ನಿಲ್ಲಿಸಿದಳು.

"ತೂಕ ಬರೋಬ್ಬರಿ ಐತ್ರಿ ಅಜ್ಜಿ. ಆದ್ರ ಮಾಂಸಖಂಡ ಭಾಳ ಕಡಿಮಿ, ಕೊಬ್ಬು ಜಾಸ್ತಿ."

"ಕಡ್ಡಿ ಹಂಗ ಅದೇನಲ್ಲವಾ, ಎಲ್ಲೈತಿ ಕೊಬ್ಬು?"

"ಹೊರಗ ಕಾಣಂಗಿಲ್ರಿ. ಬ್ಯಾಳಿ, ಕಾಳು ಉಣ್ರಿ. ದಿನಾ ಕುಂತು ಎದ್ದು ಮಾಡ್ರಿ."

ಕರಗಿದ್ದು ಒಂದು, ಬಂದು ಕೂತದ್ದು ಇನ್ನೊಂದು. ಕಾಟಾಕ್ಕೆ ಎರಡೂ ಒಂದೇ. ನಮ್ಮಪ್ಪ ಎತ್ತು ಕೊಳ್ಳುವಾಗ ಹೊಟ್ಟೆ ನೋಡುತ್ತಿರಲಿಲ್ಲ. ತೊಡೆ ಒತ್ತಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ನನಗೂ ಅದು ಗೊತ್ತಿತ್ತು, ಆದರೆ ಎತ್ತಿನ ಮಟ್ಟಿಗೆ. ಕೊಬ್ಬಿಗೆ ಏನೂ ಬೇಕಿಲ್ಲ, ಕೂತಲ್ಲೇ ಬೆಳೆಯುತ್ತದೆ. ಮಾಂಸಕ್ಕೆ ಕೆಲಸ ಕೊಡದಿದ್ದರೆ ಹೇಳದೆ ಕೇಳದೆ ಹೋಗಿಬಿಡುತ್ತದೆ. ಏಳಲಾಗದೆಂದು ನಾನು ನೆಲದ ಮೇಲೆ ಕೂರುವುದನ್ನೇ ಬಿಟ್ಟೆ. ಬಿಟ್ಟದ್ದಕ್ಕೆ ಕಾಲು ಇನ್ನಷ್ಟು ಸೋತವು.

ಮರುದಿನ ಬೆಳಿಗ್ಗೆ ಹೆಸರುಕಾಳು ಬೇಯಿಸಿ, ಒಂದು ಬಟ್ಟಲು ತಿಂದು, ನಾಗಮ್ಮನ ಬಾಗಿಲಿಗೆ ಹೋದೆ.

"ಏನವಾ, ದಾರಿ ತಪ್ಪಿ ಬಂದೀಯೇನು?" ಎಂದಳು.

"ನಿನ್ನ ಮನ್ಯಾಗ ನೆಲದ ಮ್ಯಾಲ ಕುಂತ್ರ ನನಗ ಏಳಾಕ ಆಗಂಗಿಲ್ಲ. ಅದಕ್ಕ ಬಂದಿದ್ದಿಲ್ಲ."

ನಾಗಮ್ಮ ಬಾಗಿಲು ಪೂರ್ತಿ ತೆರೆದಳು. "ನಾ ಏನು ಜಿಗದು ಏಳತೇನಿ ಅಂದ್ಕೊಂಡೀಯೇನು? ಗ್ವಾಡಿ ಹಿಡ್ಕೊಂಡು ಏಳತೇನಿ. ಹುಚ್ಚಿ."

ಚಾಪೆ ಹಾಸಿದಳು. ಕುಳಿತೆ. ಏಳುವ ಹೊತ್ತಿಗೆ ಒಬ್ಬರ ಕೈ ಒಬ್ಬರು ಹಿಡಿದು ಎಳೆದೆವು. ಮೊದಲ ಸಲ ಇಬ್ಬರೂ ಮತ್ತೆ ಕೂತುಬಿಟ್ಟೆವು.