ಕೊನೆ ಮನೆಗೆ ನೀರು ಹತ್ತಿಸಿದ ವಾಷರಣ್ಣ

ವಾಷರಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದೀಗ ಅವನ ಗುರುತಿನ ಚೀಟಿಗೆ ಮಾತ್ರ ಗೊತ್ತು. ಮೂವತ್ತು ವರ್ಷದಿಂದ ನಲ್ಲಿ ರಿಪೇರಿ ಮಾಡುತ್ತಿರುವ ಈ ಮನುಷ್ಯನ ಅಂಗಿಯ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಕನ್ನಡಕ ಇರುವುದಿಲ್ಲ, ರಬ್ಬರ್ ವಾಷರುಗಳು ಮಾತ್ರ ಹಿಡಿತುಂಬ ಇರುತ್ತವೆ. ಮದುವೆಮನೆಗೆ ಹೋದರೂ ಅಷ್ಟೇ. ಕೈ ತೊಳೆಯುವ ಕಡೆ ನಲ್ಲಿ ತೊಟ್ಟಿಕ್ಕುವುದು ಕಂಡಿತೋ, ಊಟದ ಸಾಲು ಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. "ನಿಮ್ಮನ್ನ ಕರೆದಿರೋದು ಉಣ್ಣೋಕೆ ರೀ, ದುಡಿಯೋಕಲ್ಲ" ಎಂದು ಹೆಂಡತಿ ಪಿಸುಗುಟ್ಟಿದರೆ, "ಒಂದೇ ನಿಮಿಷ ಕಣೇ" ಎನ್ನುತ್ತಾನೆ. ಅವನ ಒಂದು ನಿಮಿಷಕ್ಕೆ ಎಷ್ಟು ಸೆಕೆಂಡು ಎಂಬುದು ಆ ದೇವರಿಗೇ ಗೊತ್ತು.

ಅವನನ್ನು ಈ ಕೆಲಸಕ್ಕೆ ಹಚ್ಚಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಎಂಟು, ಅವಳಿಗೆ ಹದಿನೇಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ತಮ್ಮನನ್ನು ಸಾಕಿದಳು. ಓದು ತಲೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದ ದಿನ ಅವನ ಕಿವಿ ಹಿಡಿದು ಆಸ್ಪತ್ರೆಯ ಪ್ಲಂಬರ್ ಮೇಸ್ತ್ರಿಯ ಮುಂದೆ ನಿಲ್ಲಿಸಿ, "ಇವನನ್ನ ಮನುಷ್ಯನ್ನಾಗಿ ಮಾಡಿ" ಎಂದಳು. ತಾನು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ "ಪುರುಸೊತ್ತಾಗಲಿಲ್ಲ" ಎಂದು ಮಾತು ಮುಗಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ತಮ್ಮನ ಬೀದಿಯಲ್ಲೇ ಕೊನೆಯ ಬಾಡಿಗೆ ಮನೆ ಹಿಡಿದಳು. ಹಿತ್ತಲಲ್ಲಿ ಖಾಲಿ ಹಾಲಿನ ಕವರುಗಳಿಗೆ ಮಣ್ಣು ತುಂಬಿ ಸಸಿ ಬೆಳೆಸತೊಡಗಿದಳು. ಬೀದಿಯವರು ಕಟ್ಟಿಕೊಂಡ ಸೇವಾ ಸಂಘ ಶಾಲೆಯ ಗೋಡೆಯುದ್ದಕ್ಕೂ ಬಸ್ ನಿಲ್ದಾಣದ ಹಿಂದೆಯೂ ನೆಟ್ಟ ಗಿಡಗಳೆಲ್ಲ ಅವಳ ಕೈಯಲ್ಲಿ ಹುಟ್ಟಿದವೇ.

ತೊಂದರೆ ಏನೆಂದರೆ, ಆ ಬೀದಿ ಕೊನೆಕೊನೆಗೆ ಏರು. ನೀರು ಬಿಡುವುದು ಎರಡು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ ಯಾವಾಗಲೋ. ಮೂವತ್ತು ಮನೆ ದಾಟಿ ಮೂವತ್ತೊಂದನೆಯ ಮನೆಗೆ ಹತ್ತುವ ಹೊತ್ತಿಗೆ ನೀರಿಗೆ ಉಸಿರೇ ಇರುತ್ತಿರಲಿಲ್ಲ.

ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಘದ ಸಭೆ. ಅಂಗಡಿಯ ಮೇಡಮ್ಮೇ ಅಧ್ಯಕ್ಷೆ. ಈ ಸಲ ಕೆರೆಯ ದಂಡೆಗೆ ಇನ್ನೂರು ಸಸಿ ಎಂದು ಅವರು ಉತ್ಸಾಹದಿಂದ ಶುರುಮಾಡುತ್ತಿದ್ದಂತೆಯೇ ಅಕ್ಕ ಎದ್ದು ನಿಂತಳು.

"ಗಿಡ ಆಮೇಲೆ ನೆಡೋಣ ಮೇಡಂ. ನನ್ನ ನಲ್ಲೀಲಿ ಎರಡು ಕೊಡ ಬಂದ್ರೆ ಹೆಚ್ಚು. ಅದನ್ನ ಸಸಿಗೆ ಹಾಕ್ಲೋ, ನಾನು ಕುಡೀಲೋ? ಈ ಮಂಡಿ ಇಟ್ಕೊಂಡು ಕೆಳಗಿಂದ ಹೊತ್ತು ಹೊತ್ತು ಸಾಕಾಗಿಹೋಯ್ತು. ಈ ತಿಂಗಳು ನೋಡ್ತೀನಿ. ಊರಾಚೆ ಬಡಾವಣೇಲಿ ಒಂದು ಮನೆ ಹೇಳಿಟ್ಟಿದೀನಿ, ಅಲ್ಲಿಗೆ ಹೋಗ್ತೀನಿ."

ಯಾವುದಕ್ಕೂ ಒಂದು ಕೊಕ್ಕೆ ಹಾಕದಿದ್ದರೆ ಉಂಡದ್ದು ಅರಗದ ಡ್ರಾಯಿಂಗ್ ಮೇಷ್ಟ್ರು ವಾಷರಣ್ಣನ ಕಡೆ ತಿರುಗಿ, "ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ ಹಾಗಾಯ್ತಲ್ಲಯ್ಯಾ" ಎಂದರು. ಎಲ್ಲರೂ ನಕ್ಕರು. ವಾಷರಣ್ಣ ಮಾತ್ರ ನಗಲಿಲ್ಲ. ಅಕ್ಕ ಹೋಗುತ್ತಾಳೆ ಎಂಬುದು ಅವನಿಗೂ ಆಗಲೇ ಗೊತ್ತಾದದ್ದು.

"ಈ ತಿಂಗಳಲ್ಲಿ ಇನ್ನೂ ಮೂರು ಭಾನುವಾರ ಇದೆ" ಎಂದ. "ಒಂದು ಮನೆ ಬಿಡದೆ ಸೋರೋ ನಲ್ಲಿನೆಲ್ಲ ಸರಿ ಮಾಡ್ತೀನಿ. ಹನಿಗೂಡಿದರೆ ಹಳ್ಳ ಅಲ್ವಾ? ಆ ಹಳ್ಳ ನಮ್ಮಕ್ಕನ ಮನೆಗೆ ಹರೀಲಿ."

ಹೊರಟಿತು ನೋಡಿ ಸಂಘದ ದಂಡು. ಮುಂದೆ ಸ್ಪ್ಯಾನರ್ ಹಿಡಿದ ವಾಷರಣ್ಣ, ಹಿಂದೆ ಹಳೆ ವಾಷರುಗಳಿಗೆ ಡಬ್ಬಿ ಹಿಡಿದ ಅಧ್ಯಕ್ಷೆ. ಒಂದು ಮನೆಯಲ್ಲಿ ನಲ್ಲಿಯ ಕುತ್ತಿಗೆಗೆ ಹಳೆ ಕಾಲುಚೀಲ ಸುತ್ತಿದ್ದರು. ಇನ್ನೊಂದರಲ್ಲಿ ಚೂಯಿಂಗ್ ಗಮ್ ಮೆತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಗೇಟಿಗೆ ಅಡ್ಡ ನಿಂತು, "ಟಪ್ ಟಪ್ ಅಂತ ಇದ್ರೇನೇ ನನಗೆ ಮಧ್ಯಾಹ್ನ ನಿದ್ದೆ ಬರೋದು" ಎಂದು ವಾದ ಹೂಡಿದರು. ಅವರ ಹೆಂಡತಿ ಒಳಗಿನಿಂದಲೇ, "ರಿಪೇರಿ ಮಾಡಪ್ಪಾ, ನಿದ್ದೆ ಬರದಿದ್ರೆ ಒಂದಿಷ್ಟು ಪಾತ್ರೆ ತೊಳೀತಾರೆ" ಎಂದರು. ಮೂರು ಭಾನುವಾರಕ್ಕೆ ಐವತ್ತೆರಡು ನಲ್ಲಿ. ಬೀದಿಯಲ್ಲಿ ಹನಿ ಬೀಳುವ ಸದ್ದೇ ಅಡಗಿಹೋಯಿತು.

ಆದರೆ ಅಕ್ಕನ ಮನೆಗೆ ಎರಡು ಕೊಡದ ಬದಲು ಬಂದದ್ದು ಎರಡೂವರೆ.

"ಅರ್ಧ ಕೊಡ ಲಾಭ ಆಯ್ತಲ್ಲ, ಬಿಡೋ" ಎಂದು ಅಕ್ಕ ಅವನ ಬೆನ್ನು ತಟ್ಟಿದಳು. ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮುಂದಿನ ನೀರಿನ ದಿನ ಕೆಲಸಕ್ಕೆ ಚಕ್ಕರ್ ಹೊಡೆದು, ಹತ್ತು ಗಂಟೆಗೇ ಬೀದಿಯ ಬಾಯಿಯಿಂದ ಮೇಲಕ್ಕೆ ನಡೆಯತೊಡಗಿದ. ಒಮ್ಮೆ ಹತ್ತಿದ, ಇಳಿದ, ಮತ್ತೆ ಹತ್ತಿದ. ಹನ್ನೊಂದೂಕಾಲಿಗೆ ನೀರು ಬಂತು. ಮೊದಲನೆಯ ಮನೆಯ ಅಂಗಳದಲ್ಲಿ ಟಣಟಣ. ಎರಡನೆಯದರಲ್ಲಿ ಟಣಟಣ. ಹತ್ತನೆಯದರಲ್ಲೂ ಅದೇ. ಎಲ್ಲ ಮನೆಯ ನಲ್ಲಿಯೂ ಪೂರ್ತಿ ತೆರೆದೇ ಇತ್ತು, ಪ್ರತಿಯೊಂದರ ಕೆಳಗೂ ಒಂದು ಸ್ಟೀಲ್ ತಟ್ಟೆ ಬೋರಲು ಬಿದ್ದಿತ್ತು. ತಟ್ಟೆಯ ಸದ್ದು ಕೇಳಿದರೆ ನೀರು ಬಂತೆಂದು ತಿಳಿಯಬೇಕು, ಒಳಗಿನವರು ಕೈಯಲ್ಲಿದ್ದ ಕೆಲಸ ಮುಗಿಸಿ ಬಂದು ಬಕೆಟ್ ಇಡಬೇಕು. ಅಲ್ಲಿಯವರೆಗೆ ನೀರೆಲ್ಲ ಚರಂಡಿಗೆ. ನಾಲ್ಕು ಮನೆಯವರಂತೂ ತಟ್ಟೆ ಇಟ್ಟು ಬೀಗ ಹಾಕಿಕೊಂಡು ಹೋಗಿದ್ದರು.

ವಾಷರಣ್ಣ ನಡುಬೀದಿಯಲ್ಲಿ ಹಣೆ ಹಣೆ ಚಚ್ಚಿಕೊಂಡ. ಈ ತಟ್ಟೆಯ ಉಪಾಯ ಯಾರದೆಂದುಕೊಂಡಿರಿ? ಅವನದೇ. ಹತ್ತು ವರ್ಷದ ಹಿಂದೆ, ನೀರಿಗಾಗಿ ಕಾದು ಕಾದು ಹೆಂಗಸರೆಲ್ಲ ಗೊಣಗುತ್ತಿದ್ದಾಗ, "ನಲ್ಲಿ ತೆಗೆದಿಟ್ಟು ತಟ್ಟೆ ಬೋರಲು ಹಾಕಿ, ನೀರೇ ನಿಮ್ಮನ್ನ ಕೂಗುತ್ತೆ" ಎಂದು ಮನೆಮನೆಗೆ ಹೇಳಿಕೊಟ್ಟು ಶಹಭಾಸ್ ಎನಿಸಿಕೊಂಡಿದ್ದ. ತನ್ನ ಮನೆಯಲ್ಲೂ ಹೆಂಡತಿ ಅದನ್ನೇ ಮಾಡುತ್ತಿದ್ದಳು. ಅಕ್ಕನ ನೀರನ್ನು ಅಷ್ಟು ವರ್ಷ ಚರಂಡಿಗೆ ಬಿಟ್ಟವನು ಅವಳ ತಮ್ಮನೇ!

ಅಂದು ಸಂಜೆ ಸಭೆ ಕರೆಸಿದ. ಅಕ್ಕ ಬರಲಿಲ್ಲ, ಸಾಮಾನು ಕಟ್ಟುವುದಿತ್ತು. ವಾಷರಣ್ಣ ನಿಂತು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. "ತಪ್ಪು ನಂದು. ನಾಡಿದ್ದು ನೀರು ಬರೋ ದಿನ ಎಲ್ಲರೂ ನಲ್ಲಿ ಮುಚ್ಚಿಟ್ಟಿರಿ. ಮೊದಲು ಕೊನೆ ಮನೆ ತುಂಬ್ಲಿ. ಆಮೇಲೆ ಒಂದೊಂದೇ ಮನೆ ಕೆಳಕ್ಕೆ ಬರೋಣ."

"ಮುಚ್ಚಿ ಕೂತ್ರೆ ನೀರು ಬಂದಿದ್ದು ಗೊತ್ತಾಗೋದು ಹೇಗಯ್ಯಾ, ಕನಸಲ್ಲಾ?" ಎಂದರು ಡ್ರಾಯಿಂಗ್ ಮೇಷ್ಟ್ರು.

ಬೀದಿಯ ಬಾಯಲ್ಲೇ ಅಂಗಡಿಯಿದ್ದ ಇಸ್ತ್ರಿಯವನು ಕೈ ಎತ್ತಿದ. "ನಾನು ದಿನಾ ಅಲ್ಲೇ ನಿಂತಿರ್ತೀನಲ್ಲ. ಮೊದಲನೇ ನಲ್ಲಿ ನಂದೇ. ನನ್ನದೊಂದು ತಟ್ಟೆ ಇರ್ಲಿ. ನೀರು ಬಂದ್ರೆ ಮುಚ್ಚಿ ಕೂಗ್ತೀನಿ."

"ಸರಿ" ಎಂದರು ಮೇಷ್ಟ್ರು. "ಕೊನೆ ಮನೆಗೆ ಬಿಟ್ಟು, ನಮ್ಮ ಸರದಿ ಬರೋ ಹೊತ್ತಿಗೆ ನಿಂತುಹೋದ್ರೆ?"

"ನಿಮ್ಮ ಮನೆಗೆ ನಾನೇ ಹೊತ್ತು ತಂದು ಹಾಕ್ತೀನಿ ಮೇಷ್ಟ್ರೇ." ವಾಷರಣ್ಣ ಒಂದು ಹೆಜ್ಜೆ ಮುಂದೆ ಬಂದ. "ನಮ್ಮಮ್ಮ ಹೋದಾಗ ನಾನು ಚಿಕ್ಕವನು, ಏನೂ ಮಾಡೋಕಾಗ್ಲಿಲ್ಲ. ಈಗ ಅಕ್ಕ ಹೋಗ್ತಾಳೆ ಅಂದ್ರೆ ನನ್ನ ಕೈಲಿ ಸ್ಪ್ಯಾನರ್ ಇದ್ದೂ ಏನು ಬಂತು?"

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಆಯ್ತು ಬಿಡಯ್ಯಾ. ಒಂದು ದಿನ ಸ್ನಾನ ಮಾಡದಿದ್ರೆ ನನಗೇನೂ ಆಗಲ್ಲ, ಪಕ್ಕದವರಿಗೆ ಆಗೋದು" ಎಂದರು.

ನೀರಿನ ದಿನ ಬಂತು. ಮರುದಿನ ಬೆಳಿಗ್ಗೆಯೇ ಸಾಮಾನಿನ ಗಾಡಿ ಬರುವುದಿತ್ತು. ವಾಷರಣ್ಣ ಅಕ್ಕನ ಮನೆಗೆ ಹೋದರೆ ಅಡುಗೆಮನೆಯೆಲ್ಲ ಗೋಣಿಚೀಲದೊಳಗೆ ಸೇರಿ ಗೋಡೆಗೆ ಒರಗಿತ್ತು. ಹೊರಗೆ ಉಳಿದದ್ದು ಒಂದು ಬಕೆಟ್, ಒಂದು ಚೊಂಬು. ಅವನು ಅಂಗಳದ ನಲ್ಲಿಯ ಮುಂದೆ ಕೂತ.

"ಏನೋ ಇದು, ತಪಸ್ಸಾ?" ಎಂದಳು ಅಕ್ಕ.

"ಹೂಂ. ಗಂಗೆ ಬರಲಿ ಅಂತ."

"ಬರ್ತಾಳೆ ಬರ್ತಾಳೆ. ನಿನ್ನ ತಲೆ ಮೇಲೆ ಬಂದು ಕೂರ್ತಾಳೆ."

ಹನ್ನೆರಡಾಯಿತು. ದೂರದಲ್ಲಿ ಇಸ್ತ್ರಿಯವನ ಕೂಗು ಕೇಳಿತು. ಕೂಗು ಗೇಟಿನಿಂದ ಗೇಟಿಗೆ ದಾಟಿ ಮೇಲೆ ಬಂತು, ಟಣಟಣ ಸದ್ದು ಮಾತ್ರ ಎಲ್ಲೂ ಇಲ್ಲ. ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು. ಎರಡು ಸಲ ಕೆಮ್ಮಿತು. ಒಂದಿಷ್ಟು ಕೆಂಪು ನೀರು ಉಗುಳಿ, ಆಮೇಲೆ ತೋಳಿನಷ್ಟು ದಪ್ಪಗೆ, ಬೆಳ್ಳಗೆ ಸುರಿಯತೊಡಗಿತು. ಕಣ್ಣು ಮುಚ್ಚಿ ಬಿಡುವುದರೊಳಗೆ ಬಕೆಟ್ ತುಂಬಿಹೋಯಿತು.

"ಇನ್ನೊಂದು ಪಾತ್ರೆ ಕೊಡಕ್ಕಾ."

"ಎಲ್ಲಿಂದ ಕೊಡ್ಲೋ, ಎಲ್ಲಾ ಕಟ್ಟಿಬಿಟ್ಟಿದೀನಲ್ಲ."

"ಹಾಗಾದ್ರೆ ಮುಚ್ಚಲಾ?"

"ಮುಚ್ಚಿದ್ಯೋ, ಕೈ ಮುರೀತೀನಿ."

ಒಳಗೆ ಓಡಿದಳು. ಮಂಡಿ ನೋವು ಎಲ್ಲಿಗೆ ಹೋಯಿತೋ ಏನೋ. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಬಟ್ಟೆಗಂಟು ಕಟ್ಟಿದ ಕೈಯ ಗಂಟು ಅವಳಿಗೇ ಬಿಚ್ಚಲು ಬರಲಿಲ್ಲ. ವಾಷರಣ್ಣನ ಚಾಕು ಕಿತ್ತುಕೊಂಡು ಗೋಣಿಚೀಲವನ್ನೇ ಸೀಳಿದಳು. ಕೊಡಗಳು ಬಂದವು, ತಪ್ಪಲೆಗಳು ಬಂದವು, ಕುಕ್ಕರ್ ಬಂತು, ಹಾಲಿನ ಪಾತ್ರೆ ಬಂತು, ಊಟದ ಡಬ್ಬಿಗಳು ಬಂದವು. ಇವನು ಹಿಡಿದದ್ದೇ ಹಿಡಿದದ್ದು, ಅವಳು ಒಯ್ದು ಜೋಡಿಸಿದ್ದೇ ಜೋಡಿಸಿದ್ದು. ನಡುವೆ ಎರಡು ಚೊಂಬು ಸಸಿಗಳಿಗೂ ಹೋಯಿತು. ಇಬ್ಬರೂ ಒದ್ದೆ ಮುದ್ದೆ. ನಗು ಯಾರದು, ಅಳು ಯಾರದು ಎಂದು ಹೇಳುವ ಹಾಗಿರಲಿಲ್ಲ.

ಕೆಳಗೆ ಮೂವತ್ತು ಮನೆಯವರು ನಲ್ಲಿ ಮುಚ್ಚಿಕೊಂಡು ಗೇಟಿನಲ್ಲಿ ನಿಂತಿದ್ದರು. ಡ್ರಾಯಿಂಗ್ ಮೇಷ್ಟ್ರು ಹೆಗಲಿಗೆ ಟವಲ್ ಹಾಕಿಕೊಂಡು, "ಆಯ್ತೇನಮ್ಮಾ?" ಎಂದು ಕೂಗಿದರು.

"ಇನ್ನೂ ಒಂದು ಚೀಲ ಇದೆ ಮೇಷ್ಟ್ರೇ."

"ನಿಧಾನಕ್ಕಾಗ್ಲಿ, ನಿಧಾನಕ್ಕಾಗ್ಲಿ."

ಆ ಕೊನೆಯ ಚೀಲವನ್ನೂ ಸೀಳಿ, ಬಾಣಲೆಯವರೆಗೆ ತುಂಬಿದ ಮೇಲೆ ಅಕ್ಕ ಬೀದಿಗೆ ಬಂದು, "ಬಿಡ್ರಪ್ಪಾ ಇನ್ನು" ಎಂದು ಕೈ ಬೀಸಿದಳು. ಒಳಗೆ ಬಂದರೆ ಚೀಲದ ತಳದಲ್ಲಿ ಉಳಿದದ್ದು ಹಿಟ್ಟಿನ ಜರಡಿ ಒಂದೇ. ಅದರಲ್ಲಿ ನೀರು ನಿಲ್ಲುವ ಮಾತಿಲ್ಲ. ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಸೆರಗಿನಿಂದ ಒರೆಸಿದಳು, ಅಡುಗೆಮನೆಯ ಗೋಡೆಯಲ್ಲಿ ಖಾಲಿ ನಿಂತಿದ್ದ ಮೊಳೆಗೆ ನೇತುಹಾಕಿದಳು.