ಐದು ನಿಮಿಷದ ಸಾಹುಕಾರರು

ನಿನ್ನೆ ಸೇಡಂನ ನಮ್ಮ ಹಳೆಯ ಶಾಲೆಯ ಸಭಾಂಗಣಕ್ಕೆ ಕಾಲಿಟ್ಟೊಡನೆ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಕಲಾಶಾಲೆಯ ಹುಡುಗಿಯೊಬ್ಬಳು ಗೋಡೆಯ ದೊಡ್ಡ ಚಿತ್ರವನ್ನು ಕೆಳಗಿಳಿಸಿ ಹತ್ತಿಯಿಂದ ಒರೆಸುತ್ತಿದ್ದಳು. ಶಹಾಬಾದಿನ ಚಿತ್ರಕಾರ ಚಾಚಾ ಅವರ ಚಿತ್ರಗಳ ಪ್ರದರ್ಶನ ನಡೆಯಲಿದೆಯಂತೆ. ಈ ಚಿತ್ರದಲ್ಲಿ ಅವರ ಸಹಿ ಇಲ್ಲ. ಅವರದು ಹೌದೋ ಅಲ್ಲವೋ ಎಂದು ಕೇಳಲು ನಿವೃತ್ತ ಡ್ರಾಯಿಂಗ್ ಮಾಸ್ತರನಾದ ನನ್ನನ್ನು ಕರೆಸಿದ್ದಳು.

ಚಾಚಾ ಎಂದರೆ ಈಗ ಹೈದರಾಬಾದು, ಮುಂಬೈಯವರಿಗೂ ಗೊತ್ತು. ಹರೆಯದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು, ಕೆಂಪು ಬಾವುಟ ಹಿಡಿದು ವಾಡಿಯ ತನಕ ನಡೆದವರು. ಆ ಬಾವುಟವನ್ನು ಮಾತ್ರ ಒಂದು ಚಿತ್ರದಲ್ಲೂ ಬರೆಯಲಿಲ್ಲ. ಅವರ ರಾಜಕೀಯವೆಲ್ಲ ಅಳತೆಯಲ್ಲಿತ್ತು: ಯಾರು ಹೆಚ್ಚು ದುಡಿದರೋ ಅವರೇ ಚಿತ್ರದಲ್ಲಿ ದೊಡ್ಡವರು. ಅದಕ್ಕಾಗಿ ಕೆಲಸದ ಜಾಗದಲ್ಲಿ ದಿನಗಟ್ಟಲೆ ಕೂತು, ಯಾರು ಎಷ್ಟು ಹೊತ್ತು ಬಿಸಿಲಲ್ಲಿ ನಿಂತರೆಂದು ನೋಡುತ್ತಿದ್ದರು. ನಾನು ಬರೆದ ಕೋಳಿಯನ್ನು ಮಕ್ಕಳು ಬಾತುಕೋಳಿ ಎನ್ನುತ್ತಿದ್ದರು. ಆದರೂ ಚಾಚಾ ಅವರ ಶಿಷ್ಯನೆಂದು ಹೇಳಿಕೊಂಡು ತಿರುಗುತ್ತಿದ್ದೆ.

ಈ ಸಭಾಂಗಣ ಕಟ್ಟಿಸಿಕೊಟ್ಟವರು ಊರಿನ ಸಾಹುಕಾರರು. ಅವರು ಶಂಕುಸ್ಥಾಪನೆ ಮಾಡುತ್ತಿರುವ ಚಿತ್ರ ಬೇಕೆಂದು ಚಾಚಾ ಅವರಿಗೆ ಹೇಳಿದವನು ನಾನೇ. ಕಟ್ಟಡ ಮುಗಿದಾಗ ಚಿತ್ರ ಬಂತು. ಅದರ ತುಂಬ ಕುರಕುಂಟಾದಿಂದ ಕೂಲಿಗೆ ಬರುತ್ತಿದ್ದ ಹಣಮವ್ವ ಕಲ್ಲು ಹೊತ್ತು ನಿಂತಿದ್ದಳು. ಸಾಹುಕಾರರು ಮೂಲೆಯಲ್ಲಿ, ಅಂಗೈಯಷ್ಟು. ಉದ್ಘಾಟನೆಗೆ ಎರಡೇ ದಿನ. ಶಹಾಬಾದಿಗೆ ಓಡಿ, ತುಸು ತಿದ್ದಿಕೊಡಿ ಎಂದು ಬೇಡಿಕೊಂಡೆ.

“ಸಾಹುಕಾರ್ರು ಐದು ಮಿನಿಟ್ ನಿಂತಿದ್ರು ಮಾಸ್ತರ್, ಐದು ಮಿನಿಟಿನಷ್ಟೇ ಬರದೀನಿ,” ಎಂದರು. “ಹಣಮವ್ವ ವರ್ಷಪೂರ್ತಿ ಹೊತ್ತಾಳ.”

ವಾಪಸು ಬಂದವನು ನಾನೇ ಕುಂಚ ಹಿಡಿದೆ. ಮೂಲೆಯ ಪುಟ್ಟ ಸಾಹುಕಾರರನ್ನೂ ಹಣಮವ್ವನನ್ನೂ ಮುಚ್ಚಿ, ಅವಳಿದ್ದ ಜಾಗದಲ್ಲಿ ಸಾಹುಕಾರರನ್ನು ನಿಲ್ಲಿಸಿಬಿಟ್ಟೆ. ಸಾಹುಕಾರರು ಮುನಿದರೆ ಕೆಲಸ ಹೋದೀತೆಂಬ ಹೆದರಿಕೆ, ಬೇರೇನೂ ಅಲ್ಲ.

ಉದ್ಘಾಟನೆಯ ದಿನ ಹಣಮವ್ವ ಮಗಳನ್ನು ಕರೆದುಕೊಂಡು ಬಂದಳು. ನಿನ್ನನ್ನು ಬರೆದಿದ್ದೇನೆ ಎಂದು ಚಾಚಾ ಹೇಳಿದ್ದರಂತೆ. ಚಿತ್ರದ ಮುಂದೆ ಬಹಳ ಹೊತ್ತು ನಿಂತು ಹುಡುಕಿದಳು.

“ನಾ ಎಲ್ಲಿದ್ದೀನ್ರಿ, ಮಾಸ್ತರ್?”

ನಾನು ಕಣ್ಣು ತಪ್ಪಿಸಿದೆ. ಹಿಂದೆಯೇ ನಿಂತಿದ್ದ ಚಾಚಾ ಚೀಲದಿಂದ ಬಟ್ಟೆಯ ಚೂರು ತೆಗೆದು, ಕೊನೆಗೆ ಹಾಕಿದ್ದರಿಂದ ಪೂರ್ತಿ ಒಣಗಿರದ ತಮ್ಮ ಸಹಿಯನ್ನು ಒರೆಸಿ ನಡೆದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬದುಕಿದ್ದ ತನಕ ನಾನು ಅವರ ಮನೆಯ ಬೀದಿಗೆ ಕಾಲಿಡಲಿಲ್ಲ, ಅಷ್ಟು ನಾಚಿಕೆ.

ಸಾಹುಕಾರರನ್ನು ಇಷ್ಟು ದೊಡ್ಡದಾಗಿ ಬರೆದಿರುವುದರಿಂದ ಇದು ಚಾಚಾ ಅವರ ಚಿತ್ರವೇ ಅಲ್ಲ, ಪ್ರದರ್ಶನದಿಂದ ಬಿಟ್ಟುಬಿಡುತ್ತೇವೆ ಎಂದಳು ನಿನ್ನೆ ಆ ಕಲಾಶಾಲೆಯ ಹುಡುಗಿ. ತಲೆಯಾಡಿಸಿದ್ದರೆ ಸಾಕಿತ್ತು, ನಾನು ಪಾರಾಗುತ್ತಿದ್ದೆ. ನೀವೇ ಹೇಳಿ, ಎಷ್ಟು ಸಲ ಅಂತ ಪಾರಾಗುವುದು?

“ಚಿತ್ರ ಚಾಚಾರದೇ. ಸಾಹುಕಾರ್ರನ್ನ ಮ್ಯಾಲ ಬರದಾಂವ ನಾನವ್ವಾ,” ಎಂದೆ. “ಕೆಳಗ ಹಣಮವ್ವ ಅದಾಳ. ಮ್ಯಾಲಿನ ಬಣ್ಣ ತೆಗೀರಿ.”

ನನ್ನ ಬಣ್ಣ ಅಗ್ಗದ್ದು, ಹತ್ತಿಗೆ ಸುಲಭವಾಗಿ ಬಿಟ್ಟುಕೊಂಡಿತು. ಸಂಜೆಯ ಹೊತ್ತಿಗೆ ಸಾಹುಕಾರರ ಕೋಟಿನೊಳಗಿಂದ ಹಸಿರು ಬಳೆಯ ಕೈಯೊಂದು ಕಾಣಿಸಿತು.

ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಣಮವ್ವ ಈಗಿಲ್ಲ. ಮಗಳು ಕುರಕುಂಟಾದಲ್ಲೇ ಇದ್ದಾಳಂತೆ. ಅವಳನ್ನು ಕರೆತಂದು ತಾಯಿಯನ್ನು ತೋರಿಸಬೇಕು. ಅಳಿಸಿದವನು ಯಾರೆಂಬುದನ್ನೂ ನಾನೇ ಹೇಳಬೇಕು.