ಬಾವು ಇಳಿದ ಮೇಲೆ

ಮೊನ್ನೆ ಟ್ರಂಕು ತೆಗೆದಾಗ ಕಂಬಳಿಯ ವಾಸನೆ ಮುಖಕ್ಕೆ ಬಡಿಯಿತು. ಕುರಿ ಉಣ್ಣೆ, ನೇಯುವಾಗ ಹಚ್ಚಿದ ಹುಣಸೆ ಬೀಜದ ಗಂಜಿ, ಒಂದಿಷ್ಟು ಬೀಡಿ ಹೊಗೆ... ಬಿಸಿಲಿಗೆ ಹಾಕೋಣವೆಂದು ಎತ್ತಿಕೊಂಡವನು ಅಲ್ಲೇ ಕೂತುಬಿಟ್ಟೆ. ಈ ವಯಸ್ಸಿನಲ್ಲಿ ಕೂರುವುದಕ್ಕೆ ನೆಪ ಬೇಕಾಗುವುದೂ ಇಲ್ಲ.

ಅದನ್ನು ಕೊಟ್ಟವರು ದೇವಸಮುದ್ರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕುರಿಗಾಹಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಊರ ವಾಡಿಕೆಯಂತೆ ಅವರನ್ನು ಮಾವ ಎನ್ನುತ್ತಿದ್ದೆ. ನಲವತ್ತು ದಾಟಿರದ ಗಟ್ಟಿ ಆಳು. ಅವರು ಒಮ್ಮೆ ಕೂಗಿದರೆ ಕೆರೆಯಂಗಳದ ಆಚೆಯಿದ್ದ ಮಂದೆ ತಲೆಯೆತ್ತಿ ಹೊರಡುತ್ತಿತ್ತು. ಬೇರೆ ಯಾರು ಗಂಟಲು ಹರಿದುಕೊಂಡರೂ ಅವಕ್ಕೆ ಲೆಕ್ಕವಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವರ ಕುತ್ತಿಗೆಯಲ್ಲಿ ಗಂಟುಗಳೆದ್ದವು. ಜೊತೆಗೆ ಜ್ವರ, ಕೆಮ್ಮು. ಚಳ್ಳಕೆರೆಯ ವೈದ್ಯರು ನೋಡಿ ಬೆಂಗಳೂರಿಗೆ ಕಳಿಸಿದರು. ಜೊತೆಗೆ ನಾನೇ ಹೋದೆ. ಹಳ್ಳಿಯಲ್ಲಿ ಮೇಷ್ಟ್ರಾದವನ ಹಣೆಬರಹ ಅದು. ಬಸ್ಸು, ಸಾಲು, ಬೆಂಚು, ಮತ್ತೆ ಬಸ್ಸು. ಆ ದಿನಗಳ ಆಯಾಸ ಇನ್ನೂ ನನ್ನ ಸೊಂಟದಲ್ಲಿದೆ.

ಅಲ್ಲಿಯ ಆಸ್ಪತ್ರೆಯ ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಟಿ-ಕೋಶ ಎಂಬ ಬಿಳಿ ರಕ್ತಕಣದ ಕ್ಯಾನ್ಸರ್. ಕೋಶದ ಮೈಮೇಲೆ ರಿಸೆಪ್ಟರುಗಳಿರುತ್ತವೆ. ಬೆಳೆಯುವ ಸೂಚನೆ ಹೊರಗಿನಿಂದ ಬಂದು ಅವಕ್ಕೆ ತಾಗಿದಾಗಷ್ಟೇ ಒಂದು ಕೋಶ ಎರಡಾಗಬೇಕು. ಇವರಲ್ಲಿ ಆ ಏರ್ಪಾಡು ಕೆಟ್ಟಿದೆ, ಸೂಚನೆ ಬರಲಿ ಬಿಡಲಿ ಕೋಶಗಳು ಹೆಚ್ಚುತ್ತಲೇ ಇವೆ. ಎರಡು ವರ್ಷಕ್ಕೂ ಮಿಕ್ಕಿ ಔಷಧಿ ಬೇಕು, ನಡುವೆ ಬಿಟ್ಟರೆ ಮರಳಿ ಬರುತ್ತದೆ, ಬಂದರೆ ಕಷ್ಟ.

ನಾನು ಮಾವನಿಗೆ ತಿಳಿಯುವಂತೆ ಹೇಳಿದೆ. "ರಿಸೆಪ್ಟರ್ ಅಂದ್ರೆ ಕುರಿ ಕಿವಿ ಇದ್ದಂಗೆ ಮಾವ. ನೀವು ಕೂಗದೇ ಇದ್ರೂ ಎದ್ದು ಹೊರಡೋ ಮಂದೆ ಇದು."

"ಅಂಥ ಮಂದೇನ ಯಾರೂ ಕಾಯಕಾಗಲ್ಲ ಬಿಡ್ರಿ ಮೇಷ್ಟ್ರೆ," ಎಂದು ನಕ್ಕರು.

ಮೊದಲ ಸುತ್ತಿನ ಔಷಧಿಗೇ ಗಂಟುಗಳು ಕರಗಿದವು. ಕುರಿಗೆ ಗದ್ದದ ಕೆಳಗೆ ಬಾವು ಬಂದರೆ ಮದ್ದು ಕುಡಿಸಿ ಮನೆ ಮುಂದೆ ಕಟ್ಟುತ್ತಾರೆ. ಬಾವು ಇಳಿದರೆ ಮಂದೆಗೆ ಬಿಡುತ್ತಾರೆ. ಮಾವ ತಮಗೂ ಅದನ್ನೇ ಅನ್ವಯಿಸಿಕೊಂಡರು. ಮಳೆಗಾಲ ಮುಗಿದಿತ್ತು, ಮಂದೆ ಮೇವಿಗೆ ಆಂಧ್ರದ ಕಡೆ ಹೊರಡುವ ಕಾಲ.

"ಬಾವು ಇಳಿದೈತಲ್ರಿ. ಇನ್ನೂ ಯಾಕೆ ಗೂಟಕ್ಕೆ ಕಟ್ತೀರಾ ನನ್ನ?"

"ಗಂಟು ಹೋಗೈತೆ ಮಾವ, ಕಾಯಿಲೆ ಹೋಗಿಲ್ಲ."

"ನನ್ನ ಬಿಟ್ರೆ ಅವು ಯಾರ ಮಾತು ಕೇಳ್ತಾವೆ? ಯುಗಾದಿಗೆ ಬರ್ತೀನಿ. ಆಮ್ಯಾಲೆ ನೀವು ಹೇಳ್ದಂಗೆ."

ಅವರ ಹೆಂಡತಿ ಕಣ್ಣೀರಿಟ್ಟರು, ನಾನು ರೇಗಾಡಿದೆ. ಮಾವ ತಮ್ಮ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದರು. "ಆಸ್ಪತ್ರೆ ಬೆಂಚಿನ ಮ್ಯಾಲೆ ಚಳಿಗೆ ನಡುಗ್ತಿದ್ರಿ. ಇಟ್ಕಳ್ರಿ, ಮುಂದಿನ ಸಲಕ್ಕೆ ಬೇಕಾಗ್ತೈತೆ."

ಯುಗಾದಿಗೆ ಮುಂಚೆಯೇ ಮಂದೆಯೊಡನೆ ಮರಳಿ ಬಂದರು. ಮುಖ ಊದಿತ್ತು, ಉಸಿರು ಸಾಲುತ್ತಿರಲಿಲ್ಲ. ಈ ಸಲ ಗೆಡ್ಡೆ ಎದೆಯೊಳಗೇ ಬೆಳೆದು ಗಂಟಲಿಗೆ ದನಿ ಕೊಡುವ ನರವನ್ನು ಒತ್ತಿತ್ತೆಂದು ಆಮೇಲೆ ಗೊತ್ತಾಯಿತು. ಬಸ್ಸು ಹತ್ತುವ ಮೊದಲು, ಊರ ಮುಂದೆ ಮೇಯುತ್ತಿದ್ದ ಮಂದೆಯನ್ನು ಒಮ್ಮೆ ಕರೆಯುತ್ತೇನೆಂದು ಹಟ ಹಿಡಿದರು. ಬಾಯಿ ತೆರೆದರು, ಬಂದದ್ದು ಬರೀ ಗಾಳಿ. ಕುತ್ತಿಗೆ ಹಿಡಿದುಕೊಂಡು ಇನ್ನೊಮ್ಮೆ ಕೂಗಿದರು. ಒಂದು ಕುರಿಯೂ ತಲೆಯೆತ್ತಲಿಲ್ಲ.

ಮಾವ ನನ್ನ ತೋಳು ಹಿಡಿದು ಬಸ್ಸಿನ ಕಡೆ ತಿರುಗಿದರು. ಆವತ್ತು ನಾನು ಹೇಳಿದ ಮಾತನ್ನು ಮೊದಲ ಸಲ ಎದುರಾಡದೆ ಕೇಳಿದರು...

ಈಗ ಅಂಥ ರಿಸೆಪ್ಟರುಗಳನ್ನೇ ತಡೆಯುವ ಔಷಧಿಗಳ ಬಗ್ಗೆ ಪತ್ರಿಕೆಯಲ್ಲಿ ಓದುತ್ತೇನೆ. ಸಂತೋಷವಾಗಬೇಕು. ಆದರೆ ನನಗೆ ಮೊದಲು ಬರುವುದು ದಣಿವು. ಮಾವ ಆ ಹಳೆಯ ಔಷಧಿಯನ್ನೇ ಪೂರ್ತಿ ತೆಗೆದುಕೊಂಡಿದ್ದರೆ ಇವತ್ತಿಗೂ ಇರುತ್ತಿದ್ದರೇನೋ.

ಕಂಬಳಿಯನ್ನು ಮಡಚಿ ಟ್ರಂಕಿಗೆ ಇಟ್ಟೆ. ನನಗೆಂದು ಕೊಟ್ಟದ್ದನ್ನು ನಾನು ಒಂದು ದಿನವೂ ಹೊದ್ದಿಲ್ಲ. ಮುಂದಿನ ಸಲ ಆ ಬೆಂಚಿನ ಮೇಲೆ ಚಳಿಗೆ ನಡುಗಿದವರು ಮಾವ. ಅವರಿಗೇ ಹೊದಿಸಿದೆ.